ಅಲುಗಿದ ಮರಕ್ಕೆ ಹಲ್ಲಿನ ಡಾಕ್ಟರು

ಫೆಬ್ರುವರಿ ಹನ್ನೆರಡು. ಒಣ ಬಿಸಿಲು, ಗಾಳಿಯಿಲ್ಲ. ಬೆಳಿಗ್ಗೆ ಭೂಮಿ ನಡುಗಿದ್ದರಿಂದ ಹಳೆಯ ಹುಣಸೆಮರದ ನಿವಾಸಿಗಳು ಸಭೆ ಸೇರಿದರು. ತುದಿಯಲ್ಲಿ ವಾಸವಿದ್ದ ಮೈನಾ, "ಹೆಚ್ಚು ಅಲುಗಿದ್ದು ನನ್ನ ಕೊಂಬೆ. ಅದನ್ನು ಬಿಗಿದು ಕಟ್ಟೋಣ," ಎಂದು ಬಳ್ಳಿ ತರಲು ಹಾರಿತು.

ನಡುವಿನ ಪೊಟರೆಯ ಅಳಿಲು, ಮಂಗಗಳ ಹಲ್ಲು ನೋಡುವ ಮರಕುಟಿಗವನ್ನು ಕರೆಸಿತು. ಅಳಿಲಿನ ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮರ ಬಿದ್ದರೆ ಅವು ಉಳಿಯುವಂತಿರಲಿಲ್ಲ.

"ನೀವು ಹಲ್ಲಿನ ಡಾಕ್ಟರು. ಮನೆಯ ವಿಚಾರ ನಿಮಗೇನು ಗೊತ್ತು?" ಎಂದಿತು ಬುಡದಲ್ಲಿದ್ದ ಹೆಗ್ಗಣ. ಅದು ಮರದ ನಿವಾಸಿಗಳ ಸಂಘದ ಅಧ್ಯಕ್ಷ.

"ಮಂಗಗಳ ಹಲ್ಲು ನೋಡಿಯೇ ಮುದುಕನಾದೆ, ಅಧ್ಯಕ್ಷರೇ. ಅವು ತೋರಿಸುವ ಹಲ್ಲು ಒಂದು, ಹುಳುಕು ಹಲ್ಲು ಇನ್ನೊಂದು. ಅದಕ್ಕೇ ಎಲ್ಲವನ್ನೂ ತಟ್ಟಿ ನೋಡುತ್ತೇನೆ."

ಮರಕುಟಿಗ ತುದಿಯಿಂದ ತಟ್ಟುತ್ತ ಇಳಿಯಿತು. ಹೆಗ್ಗಣದ ಬಾಗಿಲಿಗೆ ಬಂದಾಗ ಮರ ಟೊಳ್ಳಾಗಿ ಸದ್ದು ಮಾಡಿತು. ಕಣಜ ದೊಡ್ಡದಾಗಲೆಂದು ಹೆಗ್ಗಣ ಬುಡವನ್ನು ಒಳಗಿನಿಂದ ಕೊರೆದಿತ್ತು.

"ಇಲ್ಲಿ ಕಲ್ಲುಮಣ್ಣು ತುಂಬಬೇಕು. ಇನ್ನೊಮ್ಮೆ ನಡುಗಿದರೆ ಮರ ನಿಲ್ಲದು."

"ನನಗಂತೂ ನಡುಗಿದ್ದೇ ಗೊತ್ತಾಗಲಿಲ್ಲ! ತುಂಬಿದರೆ ನಾನೆಲ್ಲಿ ಮಲಗಲಿ? ಆಗದು."

ಅಳಿಲು ಹೆಗ್ಗಣವನ್ನು ಪಕ್ಕಕ್ಕೆ ಕರೆದು ಮಾತಾಡಿತು. ಸಂಜೆಯೊಳಗೆ ಬುಡ ಗಟ್ಟಿಯಾಯಿತು.

ಬಳ್ಳಿ ಹಿಡಿದು ಮರಳಿದ ಮೈನಾ ಬುಡ ನೋಡಿ ಬೆರಗಾಯಿತು. "ಆ ಜಿಪುಣ ಒಪ್ಪಿದನೇ? ಅವನಿಗೆ ಏನು ಕೊಟ್ಟೆ, ಅಕ್ಕಾ?"

"ಮೆಲ್ಲಗೆ ಮಾತಾಡಮ್ಮ," ಎಂದಿತು ಅಳಿಲು, ಬರಿಯ ಕೊಂಬೆಯ ಮೇಲೆ ಮರಿಗಳನ್ನು ಬಾಲದಿಂದ ಮುಚ್ಚುತ್ತ. "ಅಧ್ಯಕ್ಷರು ನನ್ನ ಪೊಟರೆಯಲ್ಲಿ ಮಲಗಿದ್ದಾರೆ. ಇನ್ನು ಅದು ಅವರದೇ."