ನಲವತ್ತು ಹಾಡಿಗೆ ಒಂದೇ ಹೆಸರು

ಕೂತವರು ಸ್ವಲ್ಪ ಸರಿದು ಕೂರಿ, ನಗುವವರು ಸ್ವಲ್ಪ ತಡೆದು ನಗಿ. ಬೆಟಗೇರಿಯ ಮಗ್ಗದ ಓಣಿಯಲ್ಲಿ ಗುರುಬಸವ್ವ ಅಂತ ಒಬ್ಬ ತಾಯಿ, ಅವಳಿಗೆ ಅಡಿವೆಪ್ಪ ಅಂತ ಒಬ್ಬನೇ ಮಗ. ವಯಸ್ಸು ಮೂವತ್ತು, ಬುದ್ಧಿ ಹೇಳಿಕೊಟ್ಟಷ್ಟು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಡಿಮೆಯಿಲ್ಲ. ಅದೇ ಅವನ ಗುಣ, ಅದೇ ಅವನ ಗ್ರಹಚಾರ.

ಗುರುಬಸವ್ವ ಓಣಿಗೆಲ್ಲ ಹಾಡುಗಾರ್ತಿ. ಮದುವೆಯ ಸೋಬಾನೆ, ತೊಟ್ಟಿಲ ಜೋಗುಳ, ಬೀಸುವ ಪದ, ಎಲ್ಲ ಅವಳ ಗಂಟಲಲ್ಲಿ. ಆ ಗಂಟಲಿಗೇ ಗಡ್ಡೆ ಬಂತು. ಸೋಮವಾರ ಆಪರೇಷನ್, ಆಮೇಲೆ ದನಿ ಇರುವುದಿಲ್ಲ ಅಂದರು ಡಾಕ್ಟರು. ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ದಸ್ತಗೀರ ತನ್ನದೊಂದು ಹಳೇ ಕಂಪ್ಯೂಟರ್ ತಂದು ಅವಳ ಮನೆಯಲ್ಲಿಟ್ಟು, ಮೂವತ್ತೊಂಬತ್ತು ಹಾಡು ತುಂಬಿಸಿದ. ನಲವತ್ತನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಅವಳು ಹಾಡು ಬಿಟ್ಟು ಮಗನನ್ನು ಕೂಗಿದಳು. ಆ ಕೂಗೂ ನಲವತ್ತನೆಯದಾಗಿ ಒಳಗೆ ಹೋಯಿತು.

ಆ ಕಂಪ್ಯೂಟರಿನಲ್ಲಿ ಚಿತ್ರವಿಲ್ಲ, ಮೌಸಿನ ಬಾಣವಿಲ್ಲ. ಕರಿ ಪರದೆ, ಬಿಳಿ ಅಕ್ಷರ. ಬರೆದು ಹೇಳಿದರೆ ಮಾತ್ರ ಕೇಳುತ್ತದೆ, ಬರೆದಷ್ಟೇ ಮಾಡುತ್ತದೆ. ಅಡಿವೆಪ್ಪನ ಒಡಹುಟ್ಟಿದ ತಮ್ಮನೇ ಅನ್ನಿ!

"ಕಂಪ್ಯೂಟರ್ ನಾ ವಾಪಸ್ ಒಯ್ಯಬೇಕು. ಹಾಡೆಲ್ಲ ಪೆನ್‌ಡ್ರೈವಿಗೆ ನಾನ ಹಾಕಿ ಕೊಡ್ತೀನಿ ಬಿಡವ್ವ," ಅಂದ ದಸ್ತಗೀರ.

"ಬ್ಯಾಡಪ್ಪ, ಇವನ ಹಾಕ್ಲಿ. ನನ್ನ ಬಾಯಿ ಹೋದ ಮ್ಯಾಲ ಇವಗ ಹೇಳೋರ ಯಾರು? ಒಂದರ ಕೆಲಸ ಕಲೀಲಿ."

ದಸ್ತಗೀರ ಕಲಿಸಿದ. "ಮೊದಲು ಸಿಪಿ ಅಂತ ಬರಿ. ಆಮ್ಯಾಲ ಯಾವುದನ್ನ ತಗೋಬೇಕೋ ಅದರ ಹೆಸರು. ಆಮ್ಯಾಲ ಎಲ್ಲಿಗೆ ಹೋಗಬೇಕೋ ಆ ಹೆಸರು. ಇದ್ದದ್ದು ಇದ್ದಲ್ಲೇ ಇರತೈತಿ, ಅಂಥದ್ದ ಇನ್ನೊಂದು ಆ ಕಡೆ ಹೋಗತೈತಿ."

ಅಡಿವೆಪ್ಪ ಸಿಪಿ ಅಂತ ಬರೆದ, ಹಾಡುಗಳಿದ್ದ ಫೋಲ್ಡರಿನ ಹೆಸರು ಬರೆದ, ಪೆನ್‌ಡ್ರೈವಿನ ಹೆಸರು ಬರೆದ. ಯಂತ್ರ ಇಂಗ್ಲಿಷಿನಲ್ಲಿ ಒಂದು ಸಾಲು ಗೊಣಗಿತು. ಅವನು ತಲೆಯಾಡಿಸಿ ಎದ್ದ. ದಸ್ತಗೀರ ನೋಡಿದರೆ ಪೆನ್‌ಡ್ರೈವ್ ಖಾಲಿ!

"ಲೇ, 'ಇದು ಫೋಲ್ಡರ್ ಐತಿ, ಅದಕ್ಕ ಎತ್ತದ ಬಿಟ್ಟೀನಿ' ಅಂತ ಅದು ಹೇಳೈತಲ್ಲೋ!"

"ಏನೋ ಅಂತು. ಬೈದಂಗಿತ್ತು, ಬೈಸಿಕೊಂಡೆ."

"ಫೋಲ್ಡರ್ ಎತ್ತೋವಾಗ ಸಿಪಿ ಮುಂದ ಒಂದು ಸಣ್ಣ ಅಡ್ಡಗೆರಿ, ಒಂದು ಆರ್ ಹಾಕಬೇಕು. ಒಳಗಿದ್ದದ್ದರ ಸಮೇತ ಎತ್ತಬೇಕು! ತಿಳೀತೇನು?"

ತಿಳಿಯಿತು. ಒಳಗಿದ್ದದ್ದರ ಸಮೇತ, ಒಳಗಿದ್ದದ್ದರ ಸಮೇತ! ಬಾಯಿಪಾಠ ಮುಗಿಯುವ ಮೊದಲೇ ತಾಯಿ ಕರೆದಳು. "ಹಿಂದಿನ ಮನ್ಯಾಗ ಕೂಸಿಗೆ ಹೆಸರಿಡೋದೈತಿ. ಬಾಜೂ ಮನಿ ಪಾರವ್ವನ ತೊಟ್ಟಿಲ ಒಂದು ತಾಸಿಗೆ ಇಸಕೊಂಡು ಬಾ."

ಪಾರವ್ವ ನಳದ ಹತ್ತಿರ ಇದ್ದಳು. ಅಡಿವೆಪ್ಪ ತೊಟ್ಟಿಲು ಹೊತ್ತು ತಂದ, ಒಳಗಿದ್ದದ್ದರ ಸಮೇತ. ಒಳಗೆ ಪಾರವ್ವನ ಮೂರು ತಿಂಗಳ ಮಗಳು! ಕೂಸು ಚೀರುತ್ತ ಮುಂದೆ, ಪಾರವ್ವ ಚೀರುತ್ತ ಹಿಂದೆ.

"ಅಯ್ಯೋ ನನ್ನ ಹಣೆಬರಹವೇ!" ಗುರುಬಸವ್ವ ಬಾಯಿ ಬಾಯಿ ಬಡಿದುಕೊಂಡಳು. "ಕಂಡದ್ದನ್ನೆಲ್ಲ ಒಮ್ಮೆಲೇ ಎತ್ತತಾರೇನೋ ಪೆದ್ದ? ಒಂದೊಂದ ನೋಡಿ ಎತ್ತಬೇಕು! ಒಂದೊಂದ!"

ಒಂದೊಂದು, ಒಂದೊಂದು! ಅಡಿವೆಪ್ಪ ಮತ್ತೆ ಕರಿ ಪರದೆಯ ಮುಂದೆ ಕೂತ. ಅಡ್ಡಗೆರೆಯೂ ಬೇಡ, ಆರೂ ಬೇಡ. ಒಂದು ಸಿಪಿ, ಒಂದು ಹಾಡು, ಆ ಕಡೆ ಪೆನ್‌ಡ್ರೈವಿನಲ್ಲಿ ಅದಕ್ಕೊಂದು ಹೊಸ ಹೆಸರು. ಯಾವ ಹೆಸರು? ಕಣ್ಣಿಗೆ ಬಿದ್ದ ಹೆಸರು. ಮೊದಲ ಹಾಡು ಬೆಕ್ಕು, ಎರಡನೆಯದು ಚಪ್ಪಲಿ, ಮೂರನೆಯದು ಪೊರಕೆ. ಹತ್ತು ಹಾಡು ಆದ ಮೇಲೆ ತಾಯಿಗೆ, ಹೆಣ್ಣು ಒಪ್ಪಿಸುವ ಹಾಡು ಒಮ್ಮೆ ಕೇಳಬೇಕು ಅನ್ನಿಸಿತು.

"ಚಪ್ಪಲಿಯೊಳಗ ಇರಬೇಕವ್ವ. ಇಲ್ಲಾಂದ್ರ ಪೊರಕಿಯೊಳಗ."

"ಹಾಡಿದಾಕಿ ನಾನೋ, ಪೊರಕಿನೋ?" ಆಗಲೇ ಅವಳ ದನಿ ಒಡೆದಿತ್ತು. "ಅಳಿಸಿ ಹಾಕು ಇದನ್ನೆಲ್ಲ! ನನ್ನ ಹಾಡಿಗೆ ನನ್ನ ಹೆಸರಿಡು. ನನ್ನ ಹೆಸರು ಬಿಟ್ಟು ಇನ್ನೊಂದು ಹೆಸರು ಇಡಬ್ಯಾಡ!"

ಅದೇ ಅವಳು ಅವನಿಗೆ ಬೈದ ಕೊನೆಯ ಬೈಗುಳ. ಪಾಪ, ಅವಳಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಭಾನುವಾರ ಅಡಿವೆಪ್ಪ ಪೆನ್‌ಡ್ರೈವ್ ಅಳಿಸಿ ಹೊಸದಾಗಿ ಶುರುಮಾಡಿದ. ಸಿಪಿ, ಮೊದಲ ಹಾಡು, ಗುರುಬಸವ್ವ. ಸಿಪಿ, ಎರಡನೆಯ ಹಾಡು, ಗುರುಬಸವ್ವ. ಒಂದು ಹೆಸರಿನಲ್ಲಿ ಒಂದಕ್ಕೇ ಜಾಗ. ಎರಡನೆಯದು ಬಂದು ಮೊದಲನೆಯದನ್ನು ಅಳಿಸಿ ಕೂತಿತು, ಮೂರನೆಯದು ಎರಡನೆಯದನ್ನು ಅಳಿಸಿತು. ಏನೂ ಕೆಡದಿದ್ದಾಗ ಗೊಣಗಿದ್ದ ಯಂತ್ರ, ಎಲ್ಲ ಕೆಡುವಾಗ ತುಟಿ ಬಿಚ್ಚಲಿಲ್ಲ. ಬೈಗುಳ ಬರಲಿಲ್ಲವಲ್ಲ ಅಂತ ಅಡಿವೆಪ್ಪನಿಗೆ ಖುಷಿಯೋ ಖುಷಿ. ನಲವತ್ತು ಸಲ ಬರೆದ.

"ನಲವತ್ತೂ ಹಾಕಿದಿ?" ಕೇಳಿದ ದಸ್ತಗೀರ.

"ನಲವತ್ತೂ ಹಾಕಿದೆ. ಒಂದೂ ಬಿಟ್ಟಿಲ್ಲ."

ಅವನು ಸುಳ್ಳು ಹೇಳಲಿಲ್ಲ. ದಸ್ತಗೀರ ನಂಬಿದ, ಕಂಪ್ಯೂಟರನ್ನು ಪೂರ್ತಿ ಅಳಿಸಿ ಯಾವುದೋ ಶಾಲೆಗೆ ಕೊಟ್ಟ. ಒಮ್ಮೆ ತೆರೆದು ನೋಡಬಾರದಿತ್ತೇ? ನನಗೆ ಇವತ್ತಿಗೂ ಆ ದಸ್ತಗೀರನ ಮೇಲೆ ಸಿಟ್ಟಿದೆ.

ಹದಿನೈದು ದಿನಕ್ಕೆ ಗುರುಬಸವ್ವ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದಳು. ಪಾರವ್ವ ಕೂಸನ್ನೆತ್ತಿಕೊಂಡು ಜೋಗುಳ ಕೇಳಲು ಬಂದಳು. ದಸ್ತಗೀರ ಕೊಟ್ಟ ಪುಟ್ಟ ಸ್ಪೀಕರಿಗೆ ಅಡಿವೆಪ್ಪ ಪೆನ್‌ಡ್ರೈವ್ ಸಿಕ್ಕಿಸಿ ಗುಂಡಿ ಒತ್ತಿದ.

"ಅಡಿವ್ಯಾ! ಹಾಲು ಉಕ್ಕಾಕತ್ತೈತಿ ಓಡೋ! ಪೆದ್ದ, ಒಲಿ ಆರಿಸೋ!"

ಅಡಿವೆಪ್ಪ ಎದ್ದು ಓಡಿದ. ಒಲೆ ತಣ್ಣಗಿತ್ತು. "ಅವ್ವಾ, ಹಾಲ ಇಲ್ಲ," ಅಂತ ತಿರುಗಿ ಬಂದ. ಪಾರವ್ವ ಮುಂದಿನ ಹಾಡಿಗೆ ಅಂತ ಗುಂಡಿ ಒತ್ತಿದಳು. ಅದೇ ಕೂಗು. ಅವನು ಮತ್ತೆ ಓಡಿದ. ಎಷ್ಟು ಒತ್ತಿದರೂ ಒಳಗಿದ್ದದ್ದು ಅದೊಂದೇ.

ಗುರುಬಸವ್ವ ಬಾಯಿ ತೆರೆದಳು. ದನಿ ಬರಲಿಲ್ಲ. ಅಡಿವೆಪ್ಪ ತಲೆ ತಗ್ಗಿಸಿ ಬೈಗುಳಕ್ಕೆ ಕಾದು ನಿಂತ, ಬೈದ ಮೇಲೆ ಬರುವ ಬುದ್ಧಿಮಾತಿಗೂ ಕಾದು ನಿಂತ. ಪಾರವ್ವ ಕಣ್ಣೊರೆಸಿಕೊಂಡು ಮನೆಗೆ ಹೋದರೂ ಅವನು ನಿಂತೇ ಇದ್ದ.

ಅವತ್ತಿನಿಂದ ಅವನದು ದಿನವೂ ಒಂದೇ ಕೆಲಸ. ಅವ್ವನ ಮಾತು ಸುಳ್ಳಾಗಬಾರದು ನೋಡಿ! ಮೊದಲು ಒಲೆಯ ಮೇಲೆ ಹಾಲಿಡುತ್ತಾನೆ. ಅವ್ವನ ಪಕ್ಕ ಬಂದು ಕೂರುತ್ತಾನೆ. ಹಾಲು ಉಕ್ಕುತ್ತದೆ, ಒಲೆಗೆ ಸುರಿಯುತ್ತದೆ, ಅವ್ವ ಕೈ ಮಾಡಿ ತೋರಿಸುತ್ತಾಳೆ, ಭುಜ ಹಿಡಿದು ಅಲುಗಾಡಿಸುತ್ತಾಳೆ. "ತಡಿಯವ್ವ, ನೀ ಇನ್ನೂ ಹೇಳಿಲ್ಲ," ಅನ್ನುತ್ತ ಅಡಿವೆಪ್ಪ ಗುಂಡಿ ಒತ್ತುತ್ತಾನೆ. ಅವ್ವ ಕೂಗುತ್ತಾಳೆ. ಆಮೇಲೆ ಓಡುತ್ತಾನೆ.