ಸೋಮವಾರ ತಿರುಗುವ ಚಕ್ರ

"ಗುರುಗಳೇ, ಕಲಿಸಿದ್ದನ್ನು ಮಕ್ಕಳು ಮರೆಯದ ಹಾಗೆ ಮಾಡುವುದು ಹೇಗೆ?"

ಕೇಳಿದವನು ನಿಜಗುಣ, ಆಶ್ರಮದ ಶಾಲೆಯಲ್ಲಿ ಐದಾರು ವರ್ಷದ ಮಕ್ಕಳಿಗೆ ಪಾಠ ಹೇಳುವವನು. ಇನ್ನು ಎಂಟು ದಿನಕ್ಕೆ ಮಕ್ಕಳ ಅಪ್ಪ ಅಮ್ಮಂದಿರು ಬಂದು ಅವರ ಬಾಯಿಂದಲೇ ಪಾಠ ಕೇಳುವವರಿದ್ದರು. ಆರು ವಾರದಲ್ಲಿ ಆರು ಋತುವನ್ನೂ ಅವನು ಓದಿ ಹೇಳಿ ಮುಗಿಸಿದ್ದ. ಕಾಗದದಲ್ಲಿ ಎಲೆ, ಹತ್ತಿಯಲ್ಲಿ ಮೋಡ ಮಾಡಿಸಿದ್ದ. ಅಂದು ಬೆಳಿಗ್ಗೆ, ಶರದೃತುವಿನಲ್ಲಿ ಆಕಾಶ ಹೇಗಿರುತ್ತದೆ ಎಂದು ಕೇಳಿದರೆ ಒಬ್ಬಳು ಬೆರಳಿಗೆ ಮೆತ್ತಿದ ಅಂಟನ್ನು ಸುಲಿಯುತ್ತ ಕೂತಿದ್ದಳು. ಉಳಿದವರೆಲ್ಲ ಅವಳ ಬೆರಳನ್ನೇ ನೋಡುತ್ತಿದ್ದರು. ಆಗಿನಿಂದ ಅವನಿಗೆ ಊಟ ಸೇರಿರಲಿಲ್ಲ.

"ಕೂತುಕೋ," ಎಂದರು ಗುರುಗಳು. ಅವನು ಕೂತ, ಎದ್ದ, ಮತ್ತೆ ಕೂತ. ಗುರುಗಳು ನೋಡಿಯೂ ನೋಡದವರಂತೆ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಉಪಾಧ್ಯಾಯನಿದ್ದ. ನಿನ್ನ ಹಾಗೆಯೇ ಮಕ್ಕಳಿಗೆ ಋತುಗಳನ್ನು ಕಲಿಸಲು ಹೊರಟ. ಒಂದೊಂದು ಋತುವೂ ಎರಡೆರಡು ತಿಂಗಳು ಇರುತ್ತದೆ, ಅಷ್ಟು ಪುರುಸೊತ್ತು ಅವನಿಗಿರಲಿಲ್ಲ. ವಾರಕ್ಕೊಂದು ಎಂದು ಗೊತ್ತುಮಾಡಿಕೊಂಡ. ರಟ್ಟು ಕತ್ತರಿಸಿ ಚಕ್ರ ಮಾಡಿಸಿ, ಆರು ಮನೆ ಬರೆಸಿ, ನಡುವೆ ಗಡಿಯಾರದ ಹಾಗೆ ಒಂದು ಮುಳ್ಳು ಕೂರಿಸಿದ. ಮಕ್ಕಳು ವಸಂತಕ್ಕೆ ಚಿಗುರು ಅಂಟಿಸಿದರು, ಗ್ರೀಷ್ಮಕ್ಕೆ ಸೂರ್ಯ, ವರ್ಷಋತುವಿಗೆ ಮೋಡ. ಪ್ರತಿ ಸೋಮವಾರ ಅವನು ಪುಸ್ತಕದಿಂದ ಒಂದು ಪುಟ ಓದಿ, ಮುಳ್ಳನ್ನು ಮುಂದಿನ ಮನೆಗೆ ತಿರುಗಿಸುತ್ತಿದ್ದ. "ಅದು ಮುಗಿಯಿತು, ಇದು ಬಂತು," ಎನ್ನುತ್ತಿದ್ದ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

ಅವರಲ್ಲಿ ಇಟ್ಟಿಗೆ ಮಾಡುವವನ ಮಗಳೊಬ್ಬಳಿದ್ದಳು. ಆ ವರ್ಷ ಮಳೆ ಬೇಗ ಹಿಡಿದುಬಿಟ್ಟಿತ್ತು. ಸುಡದೆ ಉಳಿದ ಹಸಿ ಇಟ್ಟಿಗೆಯನ್ನು ಅವಳ ಅಪ್ಪ ಅಂಗಳದಲ್ಲಿ ಒಟ್ಟಿ, ಮೇಲೆ ಚಾಪೆ ಮುಚ್ಚಿದ್ದ. ಇಡೀ ಬೇಸಿಗೆಯ ದುಡಿಮೆ ಆ ಚಾಪೆಗಳ ಕೆಳಗಿತ್ತು. ಈ ಮಳೆ ಯಾವಾಗ ಬಿಡುತ್ತದೋ, ಇಟ್ಟಿಗೆ ಯಾವಾಗ ಒಣಗುತ್ತದೋ ಎಂದು ಅವಳ ಅಮ್ಮ ದಿನವೂ ಗೊಣಗುತ್ತಿದ್ದಳು.

ಒಂದು ಸೋಮವಾರ ಮುಳ್ಳು ವರ್ಷಋತುವನ್ನು ದಾಟಿ ಶರದೃತುವಿಗೆ ಬಂತು. ಮಳೆ ಮುಗಿಯಿತೆಂದುಕೊಂಡು ಹುಡುಗಿ ಒಂದೇ ಉಸಿರಿಗೆ ಮನೆಗೆ ಓಡಿದಳು. ಅಪ್ಪ ಅಮ್ಮ ಕೂಲಿಗೆ ಹೋಗಿದ್ದರು. ಒಂದೊಂದೇ ಚಾಪೆಯನ್ನು ಎಳೆದು, ಅಚ್ಚುಕಟ್ಟಾಗಿ ಸುತ್ತಿ, ಗೋಡೆಗೆ ಒರಗಿಸಿದಳು. ಅಮ್ಮ ಬಂದು ನೋಡಿ ಹಿಗ್ಗಲಿ ಎಂದು ಬಾಗಿಲಲ್ಲೇ ಕಾದು ಕೂತಳು. ಅಮ್ಮನಿಗಿಂತ ಮೊದಲು ಮಳೆ ಬಂತು. ಇಟ್ಟಿಗೆಯೆಲ್ಲ ಕರಗಿ ಕೆಸರಾಗಿ ಬೀದಿಗೆ ಹರಿಯಿತು.

"ಅಂದರೆ ಅವಳಿಗೆ ಪಾಠ ಚೆನ್ನಾಗಿ ನೆನಪಿತ್ತು," ಎಂದ ನಿಜಗುಣ. ಬಾಯಿ ತಪ್ಪಿ ಬಂದ ಮಾತು. ಆದರೆ ಅವನಿಗೆ ಆ ಉಪಾಧ್ಯಾಯನ ಮೇಲೆ ಹೊಟ್ಟೆಕಿಚ್ಚಾಗಿದ್ದು ನಿಜ. ಅಂಥದೊಂದು ಮಗು ತನ್ನ ತರಗತಿಯಲ್ಲಿದ್ದರೆ ಎಂಟು ದಿನ ನೆಮ್ಮದಿಯಾಗಿ ನಿದ್ದೆ ಮಾಡಬಹುದಿತ್ತು.

ಗುರುಗಳು ಕತೆ ನಿಲ್ಲಿಸಲಿಲ್ಲ.

ಮರುದಿನ ಅಪ್ಪ ಮಗಳ ಕೈ ಹಿಡಿದುಕೊಂಡು ಶಾಲೆಗೆ ಬಂದ. ಜಗಳಕ್ಕೆ ಬಂದಿರಲಿಲ್ಲ, ಅದಕ್ಕೆ ಬೇಕಾದ ತ್ರಾಣ ಅವನಲ್ಲಿ ಉಳಿದಿರಲಿಲ್ಲ. "ಇವಳು ನಿನ್ನೆಯಿಂದ ಅನ್ನ ಮುಟ್ಟಿಲ್ಲ ಸ್ವಾಮಿ. ಇವಳ ತಪ್ಪಲ್ಲ ಅಂತ ನಾನು ಹೇಳಿದ್ರೆ ಕೇಳ್ತಿಲ್ಲ, ನೀವಾದ್ರೂ ಹೇಳಿ," ಎಂದ.

ಉಪಾಧ್ಯಾಯ ಅವಳ ಮುಂದೆ ನೆಲಕ್ಕೆ ಕೂತ. "ತಪ್ಪು ನನ್ನದು ಮಗು. ನಾನು ಮುಳ್ಳು ತಿರುಗಿಸಿದರೆ ಮಳೆ ನಿಲ್ಲುವುದಿಲ್ಲ," ಎಂದ.

ಹುಡುಗಿ ಕಣ್ಣೊರೆಸಿಕೊಂಡು ಅವನನ್ನೇ ಸಮಾಧಾನ ಮಾಡಿದಳು. "ನೀವು ಸರಿಯಾಗೇ ತಿರುಗಿಸಿದ್ರಿ ಸಾರ್. ಮಳೆಗೇ ಪಾಠ ಬರಲ್ಲ."

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಕತೆ ಹೀಗೆ ನಿಲ್ಲಬಾರದಿತ್ತು, ಎಲ್ಲೋ ಒಂದು ಕಡೆ ನೆಟ್ಟಗಾಗಬೇಕಿತ್ತು. ನಿಜಗುಣ ಮತ್ತೆ ಎದ್ದು ನಿಂತ.

"ಆಮೇಲಾದರೂ ಆ ಉಪಾಧ್ಯಾಯ ಅವಳನ್ನು ತಿದ್ದಿದನಲ್ಲವೇ ಗುರುಗಳೇ?"

"ವರ್ಷವಿಡೀ ತಿದ್ದಿದ ಕಣಪ್ಪಾ, ಆದರೆ ಮೊದಲು ಕಲಿತದ್ದನ್ನು ಅವಳು ಮರೆಯಲಿಲ್ಲ."