ಓಟದ ಬಯಲಿಗೆ ಒಂದು ಸುತ್ತು

"ಗುರುಗಳೇ, ನನ್ನ ಕಾಲು ನನ್ನ ಮಾತು ಕೇಳುತ್ತಿಲ್ಲ. ಏನು ಮಾಡಲಿ?" ಎಂದು ಶಿಷ್ಯ ಕೇಳಿದ.

ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಬೆಳಿಗ್ಗೆ ಪೂಜೆಗೆ ಹೂವು ತರುವುದು ಅವನ ಕೆಲಸ. ಹೂದೋಟ ಮಠದ ಹಿಂದೆಯೇ ಇತ್ತು. ಆದರೂ ಅವನು ದಿನವೂ ಹೊಳೆಯ ಕಡೆಗೆ ನಡೆದು, ದೋಣಿ ಕಟ್ಟುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ತೋಟಕ್ಕೆ ಬರುತ್ತಿದ್ದ. ಆ ದೋಣಿ ಅವನ ಊರಿಗೆ ಹೋಗುವ ದೋಣಿ.

"ತೋಟಕ್ಕೆಂದೇ ಹೊರಡುತ್ತೇನೆ. ಕಾಲು ಅತ್ತ ಎಳೆಯುತ್ತದೆ," ಎಂದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಜಟಕಾದವನಿದ್ದ. ಅವನಲ್ಲಿ ಒಂದು ಹೆಣ್ಣು ಕುದುರೆಯಿತ್ತು. ಅದರ ಹೆಸರು ಗುಲಾಬಿ. ಊರಿನಿಂದ ಪೇಟೆಗೆ ಹೋಗುವ ದಾರಿಯ ಎಡಕ್ಕೆ ಒಂದು ಬೇವಿನ ಮರ, ಅದರಾಚೆ ಒಂದು ಬಯಲು. ಹಿಂದೆ ಅಲ್ಲಿ ವರ್ಷಕ್ಕೊಮ್ಮೆ ದನದ ಪರಿಷೆ ಸೇರುತ್ತಿತ್ತು. ಪರಿಷೆಯ ಕೊನೆಯ ದಿನ ಕುದುರೆ ಓಟ. ಬುತ್ತಿ ಬಿಚ್ಚಿದವರು ಓಟ ಮುಗಿಯುವವರೆಗೆ ತುತ್ತನ್ನು ಕೈಯಲ್ಲೇ ಹಿಡಿದಿರುತ್ತಿದ್ದರು. ಗೆದ್ದ ಕುದುರೆಗೆ ಒಂದು ಅಚ್ಚು ಬೆಲ್ಲ, ಸೋತ ಕುದುರೆಗೂ ಒಂದು ಅಚ್ಚು ಬೆಲ್ಲ. ಸವಾರರಲ್ಲಿ ಮಾತ್ರ ಭೇದ. ಗೆದ್ದವನಿಗೆ ರುಮಾಲು, ಸೋತವನಿಗೆ ಮುಂದಿನ ಪರಿಷೆಯವರೆಗೆ ಊರವರ ಮಾತು.

ಮುಂದೆ ಪರಿಷೆ ಬೇರೆ ಊರಿಗೆ ಹೋಯಿತು. ಓಟ ನಿಂತಿತು. ಸುಣ್ಣದ ಗೆರೆ ಒಂದೇ ಮಳೆಗೆ ಅಳಿಯಿತು. ಕುದುರೆಗಳು ತುಳಿದ ಹಾದಿ ಮಾತ್ರ ಹುಲ್ಲಿನ ನಡುವೆ ದುಂಡಗೆ ಉಳಿಯಿತು.

ಗುಲಾಬಿ ಕೊನೆಯ ಓಟದಲ್ಲಿ ಓಡಿದ ಕುದುರೆ. ಅಂದು ಅದರ ಸವಾರ ಜಟಕಾದವನೇ. ಮೂರನೆಯದಾಗಿ ಬಂದಿತ್ತು. ಎರಡನೆಯ ಕುದುರೆಗೂ ಇದಕ್ಕೂ ಇದ್ದದ್ದು ಒಂದು ಮೂಗಿನ ಅಂತರ ಎಂದು ಜಟಕಾದವನು ಹೇಳುತ್ತಿದ್ದ. ವರ್ಷ ಕಳೆದಂತೆ ಆ ಮೂಗು ಗಿಡ್ಡವಾಗುತ್ತ ಬಂತು.

ಪೇಟೆಗೆ ಹೋಗುವಾಗ ಬೇವಿನ ಮರ ಬಂತೆಂದರೆ ಗುಲಾಬಿ ದಾರಿ ಬಿಡುತ್ತಿತ್ತು. ಬಯಲಿಗೆ ಇಳಿದು, ಹಳೆಯ ಹಾದಿಯಲ್ಲಿ ಒಂದು ಸುತ್ತು ಓಡಿ, ಮತ್ತೆ ದಾರಿಗೆ ಬರುತ್ತಿತ್ತು. "ನಾನೇನು ಮಾಡಲಿ, ಅವಳಿಗೆ ಮರೆಯಲು ಆಗುವುದಿಲ್ಲ," ಎನ್ನುತ್ತಿದ್ದ ಜಟಕಾದವನು.

"ಹೆಣ್ಣು ನೋಡಲು ಹೊರಟಿದ್ದೇನೆ ಮಾರಾಯ, ಹೊತ್ತು ಮೀರುತ್ತದೆ," ಎಂದು ಒಮ್ಮೆ ಒಬ್ಬ ರೇಗಿದ.

"ಆ ಹೆಣ್ಣು ಮನೆಯಲ್ಲೇ ಇರುತ್ತಾಳೆ ಸ್ವಾಮಿ. ಈ ಹೆಣ್ಣು ನಿಲ್ಲುವವಳಲ್ಲ."

ಬೈಯುತ್ತ ಹೊರಟವರೂ ಸುತ್ತು ಮುಗಿಯುವ ಹೊತ್ತಿಗೆ ಗಾಡಿಯ ಅಂಚು ಹಿಡಿದು ಮುಂದಕ್ಕೆ ಬಾಗಿರುತ್ತಿದ್ದರು.

ಜಟಕಾದವನಿಗೆ ವಯಸ್ಸಾಯಿತು. ಮೊಣಕಾಲು ಹಿಡಿದುಕೊಂಡಿತು. ಗಾಡಿ ಹತ್ತುವುದು ಇಳಿಯುವುದು ಕಷ್ಟವಾಯಿತು. ಕುದುರೆಯನ್ನು ಮಾರದೆ ಬೇರೆ ದಾರಿಯಿರಲಿಲ್ಲ. ಅವನಿಗಿದ್ದ ಚಿಂತೆ ಒಂದೇ. ತನ್ನ ಕೈ ಬಿಟ್ಟ ಮೇಲೆ ಗುಲಾಬಿಗೆ ಆ ಒಂದು ಸುತ್ತನ್ನು ಯಾರು ಕೊಡುತ್ತಾರೆ?

ಆ ಸೀಮೆಯಲ್ಲಿ ಒಂದು ಕಟ್ಟಳೆಯಿತ್ತು. ಕುದುರೆ ಮಾರುವವನು ನಾಲ್ಕು ಜನರ ಎದುರಿಗೆ ಅದರ ಕೊರಳ ಮೇಲೆ ಕೈಯಿಟ್ಟು ಅದರ ಐಬು ಹೇಳಬೇಕು. ಇದ್ದ ಐಬನ್ನು ಮುಚ್ಚಿಡುವುದು ತಪ್ಪು. ಇಲ್ಲದ ಐಬನ್ನು ಹೇಳುವುದೂ ತಪ್ಪೇ. ಅದು ಬಾಯಿಲ್ಲದ ಪ್ರಾಣಿಯ ಮೇಲೆ ಹೊರಿಸಿದ ಅಪವಾದ. ಹಾಗೇನಾದರೂ ಆದರೆ ಅದೇ ನಾಲ್ವರ ಎದುರಿಗೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು.

ಜಟಕಾದವನು ಗಾಡಿ ನಿಲ್ಲುವ ಜಾಗದಲ್ಲಿ ನಾಲ್ವರನ್ನು ಕೂಡಿಸಿ, ಗುಲಾಬಿಯ ಕೊರಳ ಮೇಲೆ ಕೈಯಿಟ್ಟು ಹೇಳಿದ: "ಇವಳಿಗೆ ಒಂದೇ ಐಬು. ಓಟದ ಬಯಲು ಕಂಡರೆ ಒಂದು ಸುತ್ತು ಹಾಕದೆ ಮುಂದೆ ಹೋಗುವುದಿಲ್ಲ."

ಎರಡು ಏಟು ಬಿದ್ದರೆ ಸರಿಹೋಗುತ್ತಾಳೆ ಎಂದ ಒಬ್ಬ ರೈತ. ಜಟಕಾದವನು ಕುದುರೆ ಕೊಡಲಿಲ್ಲ. ಆ ಕಡೆಯ ಕಣ್ಣಿಗೆ ಪಟ್ಟಿ ಕಟ್ಟುತ್ತೇನೆ ಎಂದ ಒಬ್ಬ ವ್ಯಾಪಾರಿ. ಅವನಿಗೂ ಕೊಡಲಿಲ್ಲ. ಮೂರನೆಯವನು ಬಳೆಗಾರ. ಗಾಜಿನ ಬಳೆಗಳನ್ನು ಗಾಡಿಯಲ್ಲಿಟ್ಟುಕೊಂಡು ಊರೂರು ಸುತ್ತುವವನು.

"ಸುತ್ತು ಹಾಕುವಾಗ ನಡೆಯುತ್ತಾಳೋ, ಓಡುತ್ತಾಳೋ?" ಎಂದು ಬಳೆಗಾರ ಕೇಳಿದ.

"ಓಡುತ್ತಾಳೆ."

ಬಳೆಗಾರ ಸ್ವಲ್ಪ ಯೋಚಿಸಿದ. "ಹಾಗಾದರೆ ಇನ್ನೊಂದು ಹೊರೆ ಹುಲ್ಲು ಹೆಚ್ಚಿಗೆ ಹಾಸುತ್ತೇನೆ. ನಾಲ್ಕು ಬಳೆ ಒಡೆದರೆ ಒಡೆಯಲಿ ಅಜ್ಜ. ಅವಳ ಸುತ್ತು ಅವಳಿಗಿರಲಿ."

ಜಟಕಾದವನು ಲಗಾಮನ್ನು ಅವನ ಕೈಗಿಟ್ಟ.

ಮರುದಿನ ಬೆಳಿಗ್ಗೆ ಅವನು ಕೋಲೂರಿಕೊಂಡು ಬಂದು ಬೇವಿನ ಮರದ ಕೆಳಗೆ ಕುಳಿತ. ಗುಲಾಬಿಗೆ ಅವಳ ಸುತ್ತು ಸಿಕ್ಕಿದ್ದನ್ನು ಕಣ್ಣಾರೆ ನೋಡದೆ ಅವನಿಗೆ ಸಮಾಧಾನವಿರಲಿಲ್ಲ. ಬಳೆಯ ಗಾಡಿ ಬಂತು. ಮರ ಹತ್ತಿರವಾದೊಡನೆ ಬಳೆಗಾರ ಲಗಾಮು ಸಡಿಲಬಿಟ್ಟು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

ಗುಲಾಬಿ ಬಯಲಿನ ಕಡೆ ನೋಡಲಿಲ್ಲ. ನೇರವಾಗಿ ಪೇಟೆಯ ದಾರಿ ಹಿಡಿಯಿತು.

ಬಳೆಗಾರ ಗಾಡಿಯನ್ನು ಹಿಂದಕ್ಕೆ ಒಯ್ದು ಮತ್ತೆ ಹೊರಡಿಸಿದ. ಗುಲಾಬಿ ಮತ್ತೆ ನೇರವಾಗಿ ಹೋಯಿತು. ಅವನು ಕೆಳಗಿಳಿದು, ಅದನ್ನು ಮರದ ಬಳಿಗೆ ಕರೆತಂದು, "ಹೋಗಮ್ಮ, ನಿನ್ನದೇ ಬಯಲು," ಎಂದು ಬೆನ್ನು ಸವರಿದ. ಗುಲಾಬಿ ಮರದ ಬುಡದ ಹುಲ್ಲಿಗೆ ಬಾಯಿ ಹಾಕಿತು.

"ಅಜ್ಜ, ಇವಳು ಎಲ್ಲ ಮರೆತಿದ್ದಾಳೆ," ಎಂದ ಬಳೆಗಾರ, ತಾನೇ ಏನೋ ತಪ್ಪು ಮಾಡಿದವನ ಹಾಗೆ.

ಜಟಕಾದವನು ಕೋಲೂರಿ ಎದ್ದು ಗಾಡಿಯ ಬಳಿಗೆ ಬಂದ. "ಶೆಟ್ಟರೇ, ನನ್ನನ್ನು ಒಮ್ಮೆ ಹತ್ತಿಸಿಕೊಳ್ಳಿ," ಎಂದ.

ಗಾಡಿಯನ್ನು ಹಿಂದಕ್ಕೆ ಒಯ್ದರು. ಜಟಕಾದವನು ಲಗಾಮು ಹಿಡಿದ. ಈ ಸಲ ಅವನು ದಾರಿಯನ್ನೂ ನೋಡಲಿಲ್ಲ, ಕುದುರೆಯನ್ನೂ ನೋಡಲಿಲ್ಲ. ತನ್ನ ಕೈಗಳನ್ನು ನೋಡುತ್ತ ಕುಳಿತ. ಬೇವಿನ ಮರ ಬಂತು. ಎಡಗೈಯ ಕಿರುಬೆರಳು ತಾನಾಗಿ ಮಡಚಿಕೊಂಡಿತು. ಎಡದ ಲಗಾಮು ಒಂದು ಎಳೆಯಷ್ಟು ಬಿಗಿಯಾಯಿತು. ಗುಲಾಬಿ ಬಯಲಿಗೆ ತಿರುಗಿತು.

ಇಷ್ಟು ವರ್ಷ ಆ ಬೆರಳನ್ನು ಅವನು ನೋಡಿರಲಿಲ್ಲ. ಈಗ ನೋಡಿದ. ನೋಡಿದ ಮೇಲೂ ಅದನ್ನು ಬಿಡಿಸಲಿಲ್ಲ. ಗುಲಾಬಿ ಸುತ್ತು ಪೂರ್ತಿ ಓಡಿತು. ಹುಲ್ಲಿನೊಳಗೆ ಬಳೆಗಳು ಸದ್ದು ಮಾಡಿದವು. ಬಳೆಗಾರ ಗಾಡಿಯ ಅಂಚು ಹಿಡಿದು ಮುಂದಕ್ಕೆ ಬಾಗಿದ್ದ.

ದಾರಿಗೆ ಬಂದ ಮೇಲೆ ಜಟಕಾದವನು ಗಾಡಿಯನ್ನು ಊರಿನ ಕಡೆ ಹೊಡೆದ. ಅದೇ ನಾಲ್ವರನ್ನು ಕೂಡಿಸಿ ಗುಲಾಬಿಯ ಕೊರಳ ಮೇಲೆ ಕೈಯಿಟ್ಟ.

"ಈ ಕುದುರೆಗೆ ಐಬಿಲ್ಲ. ನಿನ್ನೆ ನಾನು ಹೇಳಿದ್ದು ನನ್ನ ಐಬು."

"ಅದು ನಮಗೆ ಗೊತ್ತಿತ್ತು ಮಾವ," ಎಂದ ನಾಲ್ವರಲ್ಲಿ ಒಬ್ಬ. "ಆ ಮೂಗಿನ ವಿಷಯವೂ ಗೊತ್ತು."

ಅಂದಿನಿಂದ ಪೇಟೆಗೆ ಹೋಗುವ ದಿನ ಬಳೆಗಾರ ಬೇವಿನ ಮರದ ಬಳಿ ಗಾಡಿ ನಿಲ್ಲಿಸುತ್ತಿದ್ದ. ಮುದುಕನನ್ನು ಕೈಹಿಡಿದು ಹತ್ತಿಸಿಕೊಂಡು, "ಅಜ್ಜ, ನಿಮ್ಮ ಸುತ್ತು," ಎಂದು ಲಗಾಮು ಕೊಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತನ್ನ ಕಾಲುಗಳನ್ನೇ ನೋಡುತ್ತಿದ್ದ.

"ಹಾಗಾದರೆ ನಾಳೆಯಿಂದ ನಾನು ಹೊಳೆಯ ಕಡೆ ಹೋಗಬಾರದೇ?" ಎಂದು ಕೇಳಿದ.

"ಹೋಗಿ ಬಾ ಮಗು, ಕಾಲಿನ ಮೇಲೆ ಮಾತ್ರ ದೂರು ಹೇಳಬೇಡ," ಎಂದರು ಗುರುಗಳು.